ಆಗುಂಬೆ ಘಾಟಿಯಲ್ಲೊಂದು ತಪಾಸಣೆ

ಗ್ರಾಹಕ ಸಂರಕ್ಷಣಾ ಕಾಯ್ದೆ ಬಿ.ಕಾಂ. ವಿದ್ಯಾರ್ಥಿಗಳ ಪಠ್ಯದಲ್ಲಿದೆ. ವ್ಯಾವಹಾರಿಕ ಕಾನೂನನ್ನು ಪಾಠ ಮಾಡುವ ನಾನು ಮೊದಲು 1986ರ ಕಾಯ್ದೆಯನ್ನು, ಆಮೇಲೆ ಅದನ್ನು ರದ್ದುಪಡಿಸಿ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆಯನ್ನು ತರಗತಿಯಲ್ಲಿ ವಿವರಿಸುತ್ತ ಬಂದವಳು. ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನಾಚರಣೆಗೆ ಸುತ್ತಮುತ್ತಲಿನ ಹೈಸ್ಕೂಲುಗಳವರು ಭಾಷಣಕ್ಕೆ ಕರೆಯುವುದೂ ಉಂಟು. ದೋಷವಿರುವ ಸರಕಿಗೆ ನಾನು ಕೊಡುತ್ತಿದ್ದ ಉದಾಹರಣೆಗಳು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಬಿಟ್ಟ ಚಪ್ಪಲಿ. ಕಾರಿನ ವ್ಯಾಜ್ಯ ಅವುಗಳ ಸಾಲಿಗೆ ಸೇರುವಂಥದ್ದಲ್ಲ. ಕೆಟ್ಟ ಮಿಕ್ಸಿಯನ್ನು ಅಂಗಡಿಯ ಮೇಜಿನ ಮೇಲಿಟ್ಟು ಪ್ಲಗ್ ಹಾಕಿ ತೋರಿಸಬಹುದು. ಗೇರ್‌ಬಾಕ್ಸಿನ ಒಳಗಿನ ದೋಷವಾದರೋ ತನಗೆ ಬೇಕಾದಾಗ ಮಾತ್ರ ಕಾಣಿಸಿಕೊಳ್ಳುತ್ತದೆ, ಸಾಕ್ಷಿಗಳು ಎದುರಿಗಿರುವಾಗ ಕಾಣಿಸಿಕೊಳ್ಳಲೇಬೇಕೆಂಬ ನಿಯಮ ಅದಕ್ಕಿಲ್ಲ.

ನಾವು ಇರುವುದು ಉಡುಪಿಯಲ್ಲಿ, ನನ್ನ ತವರು ತೀರ್ಥಹಳ್ಳಿಯ ಕಡೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತಿಯೇ ಅಮ್ಮನ ಮನೆ ಸೇರಬೇಕು. ಎಡ ಮೊಣಕಾಲಿನ ನೋವಿನಿಂದಾಗಿ ಕ್ಲಚ್ ಒತ್ತುವುದು ಕಷ್ಟವಾದಾಗ, 2022ರಲ್ಲಿ ಹದಿನಾಲ್ಕು ಲಕ್ಷಕ್ಕೂ ಸ್ವಲ್ಪ ಹೆಚ್ಚು ಬೆಲೆಯ ಆಟೋಮ್ಯಾಟಿಕ್ ಕಾರೊಂದನ್ನು ಬ್ಯಾಂಕ್ ಸಾಲ ಮಾಡಿ ಕೊಂಡೆವು. ಅದರಲ್ಲಿದ್ದದ್ದು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅದರಲ್ಲೂ ಒಣ ಕ್ಲಚ್ಚಿನದು. ಒಂದು ಕ್ಲಚ್ ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸರಿ ಸಂಖ್ಯೆಯವನ್ನೂ ನೋಡಿಕೊಳ್ಳುತ್ತದೆ. ಅವು ಎಣ್ಣೆಯಲ್ಲಿ ಮುಳುಗಿರುವುದಿಲ್ಲವಾದ್ದರಿಂದ ಗಾಳಿಯಿಂದಲೇ ತಣಿಯಬೇಕು. ಏರುದಾರಿಯಲ್ಲಿ ಮುಂದಿನ ವಾಹನದ ಹಿಂದೆ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಗೇರ್‌ಬಾಕ್ಸನ್ನು ಉಳಿಸಿಕೊಳ್ಳಲು ಕಂಪ್ಯೂಟರ್ ಕ್ಲಚ್ಚನ್ನು ಬಿಡಿಸಿಬಿಡುತ್ತದೆ. ಆಗ ಎಂಜಿನ್ ಓಡುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ.

ಕೊಂಡ ಮೂರನೇ ತಿಂಗಳಲ್ಲಿ ಆದದ್ದು ಅದೇ. ಘಾಟಿಯ ನಡುವಿನ ಒಂದು ತಿರುವಿನಲ್ಲಿ ಮಿನಿ ಬಸ್ಸಿನ ಹಿಂದೆ ನಿಂತು ಹೊರಡುವಾಗ ಮೀಟರಿನ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ, ಒಂದು ಮೊಳ ಹಿಂದಕ್ಕೇ ಜಾರಿತು. ಹಿಂದೆ ಇನ್ನೊಂದು ಬಸ್ಸು, ಪಕ್ಕದಲ್ಲಿ ಕಂದಕ, ಹಿಂಬದಿಯ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗಳು. ಹ್ಯಾಂಡ್ ಬ್ರೇಕ್ ಎಳೆದು, ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟ ನನ್ನ ಯಜಮಾನರು ಮೊದಲು ಮಾಡಿದ ಕೆಲಸವೆಂದರೆ ಆ ಪರದೆಯ ಫೋಟೋ ತೆಗೆದದ್ದು. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದವರಿಗೆ ಕಾಗದದ ಮೇಲಿನ ನಂಬಿಕೆ ಹೆಚ್ಚು. ಇಪ್ಪತ್ತು ನಿಮಿಷ ತಣಿದ ಮೇಲೆ ಕಾರು ಏನೂ ಆಗಿಲ್ಲವೆಂಬಂತೆ ಹತ್ತಿತು.

ಸರ್ವೀಸ್ ಸೆಂಟರಿನಲ್ಲಿ ಸಿಕ್ಕ ಉತ್ತರವನ್ನು ಆಟೋಮ್ಯಾಟಿಕ್ ಕಾರಿಟ್ಟುಕೊಂಡ ಎಷ್ಟೋ ಮಂದಿ ಕೇಳಿರಬೇಕು. “ಈ ಗೇರ್‌ಬಾಕ್ಸಿನ ಗುಣವೇ ಹಾಗೆ ಮೇಡಂ, ನೀವು ಓಡಿಸುವ ರೀತಿ ಸ್ವಲ್ಪ ಬದಲಾಯಿಸಬೇಕು” ಎಂದರು ಅಡ್ವೈಸರ್. ಮುಂದಿನ ತಿಂಗಳುಗಳಲ್ಲಿ ಅದೇ ತೊಂದರೆ ಮರುಕಳಿಸಿ ಗಾಡಿ ಹಲವು ಸಲ ಒಳಗೆ ಹೋಯಿತು, ಎರಡು ಸಲ ಟೋಯಿಂಗ್ ಗಾಡಿಯ ಮೇಲೇ. ಒಮ್ಮೆ ಸಾಫ್ಟ್‌ವೇರ್ ಬದಲಾಯಿಸಿದರು, ಒಮ್ಮೆ ಕ್ಲಚ್ ಸೆಟ್ಟನ್ನೇ ವಾರಂಟಿಯಲ್ಲಿ ಹೊಸದು ಹಾಕಿದರು. ಇಲ್ಲಿ ಜಾಬ್ ಕಾರ್ಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾರಿನ ವ್ಯಾಜ್ಯದಲ್ಲಿ ಅರ್ಧ ತೀರ್ಪು ಬರೆಯಲ್ಪಡುವುದು ಆ ತೆಳ್ಳನೆಯ ಹಾಳೆಯ ಮೇಲೆ. ಗ್ರಾಹಕರು “ಏರಿನಲ್ಲಿ ಗಾಡಿ ಎಳೆಯುವುದು ನಿಂತು ಹಿಂದೆ ಜಾರುತ್ತದೆ” ಎಂದು ಹೇಳಿದ್ದನ್ನು ಅಡ್ವೈಸರ್ “ಜರ್ಕ್, ಚೆಕ್ ಮಾಡಬೇಕು” ಎಂದು ಬರೆದುಕೊಳ್ಳುತ್ತಾರೆ. ಸಂಜೆ ಗಾಡಿ ಕೊಡುವಾಗ “ಟೆಸ್ಟ್ ಡ್ರೈವ್ ಮಾಡಲಾಯಿತು, ಸಮಸ್ಯೆ ಕಂಡುಬರಲಿಲ್ಲ” ಎಂಬ ಸಾಲು ಸೇರುತ್ತದೆ. ಅದರ ಕೆಳಗೆ, ಕೆಲಸ ತೃಪ್ತಿಕರವಾಗಿದೆ ಎಂಬ ಅಚ್ಚಾದ ವಾಕ್ಯದ ಪಕ್ಕದಲ್ಲಿ, ನಮ್ಮ ಸಹಿ. ಸಮತಟ್ಟಾದ ಬೈಪಾಸಿನಲ್ಲಿ ಎರಡು ಕಿಲೋಮೀಟರ್ ಓಡಿಸಿದರೆ ಘಾಟಿಯ ದೋಷ ಕಾಣುವುದಾದರೂ ಹೇಗೆ? ನಾವು ಪ್ರತಿ ಸಲವೂ ನಮ್ಮ ಮಾತುಗಳಲ್ಲೇ ದೂರನ್ನು ಬರೆಯಿಸಿ, ಹೋದ ದಿನ ಮತ್ತು ಮರಳಿ ಬಂದ ದಿನದ ಕಿಲೋಮೀಟರ್ ನಮೂದಿಸುವಂತೆ ಕೇಳಿ, ತೃಪ್ತಿಯ ಸಾಲಿನ ಮೇಲೆ “ಘಾಟಿಯಲ್ಲಿ ಪರೀಕ್ಷಿಸದೆ, ಆಕ್ಷೇಪಣೆಯೊಂದಿಗೆ ಸಹಿ” ಎಂದು ಪೆನ್ನಿನಲ್ಲಿ ಬರೆದು, ಅದರ ಫೋಟೋವನ್ನು ಅಂದೇ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡುತ್ತಿದ್ದೆವು. ಶೋರೂಮಿನ ಹುಡುಗರಿಗೆ ನಾವು ಬಂದರೆ ತಲೆನೋವು. ಅವರ ತಪ್ಪೇನೂ ಇರಲಿಲ್ಲ. ಮೇಲಿನವರು ಹೇಳಿದ್ದನ್ನು ಅವರು ಒಪ್ಪಿಸುತ್ತಿದ್ದರು.

ಕೊನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕೊಟ್ಟು, ಸಮಾಧಾನಕರ ಉತ್ತರ ಬಾರದಿದ್ದಾಗ, 2023ರಲ್ಲಿ ಇ-ದಾಖಿಲ್ ಜಾಲತಾಣದ ಮೂಲಕ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿದೆವು. ಈಗ ಆ ಕೆಲಸಕ್ಕೆ 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಇದೆ. ಹೊಸ ಕಾಯ್ದೆಯ ಎರಡು ಅನುಕೂಲಗಳು ಇಲ್ಲಿ ನೇರವಾಗಿ ಒದಗಿದವು. ಕಂಪನಿಯ ಕಚೇರಿ ಯಾವ ಊರಿನಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮತ್ತು ಯಾವ ಆಯೋಗಕ್ಕೆ ಹೋಗಬೇಕೆಂಬುದನ್ನು ನಾವು ಕೇಳುವ ಪರಿಹಾರದ ಮೊತ್ತವಲ್ಲ, ವಸ್ತುವಿಗೆ ಕೊಟ್ಟ ಹಣ ನಿರ್ಧರಿಸುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ನಮ್ಮ ಬೆಲೆಯ ಕಾರಿಗೆ, ಅಂದರೆ 10ರಿಂದ 20 ಲಕ್ಷದೊಳಗಿನದಕ್ಕೆ, ಶುಲ್ಕ 400 ರೂಪಾಯಿ. ದೂರು ಕೊಡಲು ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕೆಂಬುದನ್ನು ಮಾತ್ರ ಮರೆಯುವಂತಿಲ್ಲ. ಸರ್ವೀಸ್ ಸೆಂಟರಿನ “ಇನ್ನೊಂದು ಸಲ ನೋಡೋಣ ಮೇಡಂ” ಎಂಬ ಮಾತಿನಲ್ಲಿ ಎರಡು ವರ್ಷ ಕಳೆದುಹೋಗುವುದು ಕಷ್ಟವೇನಲ್ಲ.

ದೂರಿನಲ್ಲಿ ಕಂಪನಿಯನ್ನೂ ಡೀಲರರನ್ನೂ ಎದುರುದಾರರನ್ನಾಗಿ ಮಾಡಿದ್ದೆವು. ಕಂಪನಿಯವರು ಡೀಲರನ್ನೂ ಡೀಲರ್ ಕಂಪನಿಯನ್ನೂ ತೋರಿಸುವುದು ಈ ಬಗೆಯ ವ್ಯಾಜ್ಯಗಳ ಹಳೆಯ ಆಟ. ಇಬ್ಬರ ನಡುವಿನ ಒಪ್ಪಂದ ಸ್ವತಂತ್ರ ವ್ಯಾಪಾರಿಗಳ ನಡುವಿನದಾಗಿದ್ದು, ಡೀಲರ್ ಮಾಡಿದ ತಪ್ಪು ತಯಾರಕರಿಗೆ ತಿಳಿದಿತ್ತೆಂದು ಸಾಬೀತಾಗದಿದ್ದರೆ ತಯಾರಕರನ್ನು ಹೊಣೆ ಮಾಡಲಾಗದೆಂದು 2021ರಲ್ಲಿ, ಗೋವಾದ ಗ್ರಾಹಕರೊಬ್ಬರಿಗೆ ಹಳೆಯ ಮಾದರಿಯ ಕಾರನ್ನು ಹೊಸದೆಂದು ಮಾರಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಯಾವುದು ಯಾರ ತಪ್ಪು ಎಂಬುದನ್ನು ದೂರಿನಲ್ಲೇ ಬೇರೆಬೇರೆಯಾಗಿ ಬರೆದಿದ್ದೆವು: ಗೇರ್‌ಬಾಕ್ಸ್ ತಯಾರಕರದ್ದು, ಪರೀಕ್ಷಿಸದೆ ಹಿಂದಿರುಗಿಸಿದ್ದು ಡೀಲರರದ್ದು.

ಕಂಪನಿಯ ಉತ್ತರ, ಕಾಯ್ದೆಯ 30 ದಿನ ಮತ್ತು ಅದರ ಮೇಲೆ ಆಯೋಗ ಕೊಡಬಹುದಾದ 15 ದಿನದ ಅವಧಿಯ ಅಂಚಿನಲ್ಲಿ ಬಂತು. ಆ 45 ದಿನ ದಾಟಿದರೆ ಆಯೋಗಕ್ಕೂ ಸಮಯ ವಿಸ್ತರಿಸುವ ಅಧಿಕಾರವಿಲ್ಲವೆಂದು 2020ರ ಮಾರ್ಚ್‌ನಲ್ಲಿ ಸಂವಿಧಾನ ಪೀಠ ತೀರ್ಮಾನಿಸಿದ ಮೇಲೆ ದೊಡ್ಡ ಕಂಪನಿಗಳ ವಕೀಲರು ಕ್ಯಾಲೆಂಡರ್ ನೋಡುವುದನ್ನು ಕಲಿತಿದ್ದಾರೆ. ಉತ್ತರದ ತಿರುಳು ಎರಡೇ ಮಾತು. ಒಂದು, ಗಾಡಿಯಲ್ಲಿ ತಯಾರಿಕಾ ದೋಷವಿದೆ ಎಂದು ತೋರಿಸುವ ತಜ್ಞರ ವರದಿ ಇಲ್ಲ, ದೂರುದಾರರಿಗೆ ಓಡಿಸಲು ಬಾರದು. ಎರಡು, ದೋಷವಿದೆ ಎಂದೇ ಇಟ್ಟುಕೊಂಡರೂ ವಾರಂಟಿಯ ಪ್ರಕಾರ ಕೆಟ್ಟ ಭಾಗವನ್ನು ಬದಲಿಸಿಕೊಟ್ಟರೆ ಸಾಕು, ಇಡೀ ಕಾರನ್ನಲ್ಲ. ಇದಕ್ಕೆ ಅವರ ಆಧಾರ, ಜಮ್ಮುವಿನ ಗ್ರಾಹಕರೊಬ್ಬರ ಪ್ರಕರಣದಲ್ಲಿ ಹೊಸ ಕಾರು ಕೊಡಬೇಕೆಂಬ ಆದೇಶವನ್ನು ತೆಗೆದುಹಾಕಿದ 2006ರ ಸುಪ್ರೀಂ ಕೋರ್ಟ್ ತೀರ್ಪು. ಆ ತೀರ್ಪನ್ನು ಕಾರು ಕಂಪನಿಗಳ ಪರ ವಕೀಲರು ಹಾಜರುಪಡಿಸದ ಪ್ರಕರಣ ಅಪರೂಪವೆಂದು ನಮ್ಮ ವಕೀಲರು ಹೇಳಿದರು. ಗ್ರಾಹಕ ತಾನೇ ವಾದಿಸಬಹುದೆಂಬುದು ನಿಜ, ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ. ಆದರೆ ಎದುರಿಗೆ ಬೆಂಗಳೂರಿನಿಂದ ಬಂದ ಮೂವರು ವಕೀಲರಿರುವಾಗ ಒಬ್ಬರನ್ನಾದರೂ ಇಟ್ಟುಕೊಳ್ಳುವುದು ಬುದ್ಧಿವಂತಿಕೆ ಎಂದೇ ನನ್ನ ಅಭಿಪ್ರಾಯ.

ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಫೋನಿನಲ್ಲಿ ವಿಷಯ ಕೇಳಿ, “ಅಕ್ಕ, ಅಷ್ಟು ಸಲ ರಿಪೇರಿಯಾಗಿದ್ದರೆ ಇಲ್ಲಿ ಕಂಪನಿಯೇ ಗಾಡಿ ವಾಪಸ್ ತೆಗೆದುಕೊಳ್ಳಬೇಕಿತ್ತು” ಎಂದು ಆಶ್ಚರ್ಯಪಟ್ಟ. ಅಲ್ಲಿನ ಕಾನೂನಿನಲ್ಲಿ ಎಣಿಕೆಯಿದೆ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ, ಪ್ರಾಣಾಪಾಯ ತರಬಲ್ಲ ದೋಷಕ್ಕೆ ಎರಡು ಸಲ ರಿಪೇರಿಗೆ ಕೊಟ್ಟಿದ್ದರೆ, ಇಲ್ಲವೇ ಗಾಡಿ ಒಟ್ಟು 30 ದಿನಕ್ಕಿಂತ ಹೆಚ್ಚು ಗ್ಯಾರೇಜಿನಲ್ಲಿ ಕಳೆದಿದ್ದರೆ, ತಯಾರಕರಿಗೆ ಸಾಕಷ್ಟು ಅವಕಾಶ ಸಿಕ್ಕಿದೆಯೆಂದೇ ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಕಂಪನಿಯದು. ನಮ್ಮ ಕಾಯ್ದೆಯಲ್ಲಿ ಕಾರಿಗೆಂದೇ ಅಂಥ ಅಧ್ಯಾಯವಿಲ್ಲ. ಮಿಕ್ಸಿಗೆ ಯಾವ ಕಾನೂನೋ ಕಾರಿಗೂ ಅದೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಸೆಕ್ಷನ್ ಅಪಾಯಕಾರಿ ದೋಷವಿರುವ ವಾಹನಗಳನ್ನು ವಾಪಸ್ ಕರೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆಯಾದರೂ, ಅದು ಅನೇಕ ಮಾಲೀಕರ ದೂರು ಒಟ್ಟಾದಾಗ ಕೆಲಸ ಮಾಡುವ ಏರ್ಪಾಡು. ಒಂಟಿ ಮಾಲೀಕಳೊಬ್ಬಳ ಹಣವನ್ನು ಅದು ಮರಳಿಸುವುದಿಲ್ಲ. ಹೀಗಾಗಿ ನಮ್ಮಲ್ಲಿ ಎಲ್ಲ ಭಾರವೂ ತಜ್ಞರ ವರದಿಯ ಮೇಲೆ ಬೀಳುತ್ತದೆ.

ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದ ದೋಷವಿದ್ದರೆ ಆಯೋಗವು ಸರಕಿನ ಮಾದರಿಯನ್ನು ತೆಗೆದು, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳುಹಿಸಬೇಕು. ಶುಲ್ಕವನ್ನು ದೂರುದಾರ ಮೊದಲು ಕಟ್ಟಬೇಕು. ಕಡಲೆಹಿಟ್ಟಿಗೆ, ಗೊಬ್ಬರಕ್ಕೆ ಹೇಳಿ ಬರೆಸಿದಂತಿರುವ ಈ ಮಾತು ಕಾರಿಗೆ ಹೊಂದುವುದು ಹೇಗೆ? ನಮ್ಮ ಅರ್ಜಿಯ ಮೇರೆಗೆ ಆಯೋಗ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದ ಹಿರಿಯ ಪ್ರಾಧ್ಯಾಪಕರನ್ನು ತಜ್ಞರನ್ನಾಗಿ ನೇಮಿಸಿತು. ಕಂಪನಿಯವರು ತಪಾಸಣೆ ತಮ್ಮ ವರ್ಕ್‌ಶಾಪಿನಲ್ಲಿ ಆಗಲಿ ಎಂದರು. ಪ್ರಾಧ್ಯಾಪಕರು ಒಪ್ಪಲಿಲ್ಲ. ದೂರು ಘಾಟಿಯದ್ದಾದರೆ ತಪಾಸಣೆಯೂ ಘಾಟಿಯಲ್ಲೇ ಆಗಬೇಕೆಂದು ಆಯೋಗಕ್ಕೆ ಬರೆದು, ಎರಡೂ ಕಡೆಯವರಿಗೆ ದಿನ ತಿಳಿಸಿದರು.

ಮಳೆ ಪೂರ್ತಿ ನಿಂತ ಮೇಲಿನ ಒಂದು ಮಂಗಳವಾರ ಸೋಮೇಶ್ವರದ ಚೆಕ್‌ಪೋಸ್ಟಿನ ಬಳಿ ನಾವೆಲ್ಲ ಸೇರಿದೆವು. ಕಂಪನಿಯಿಂದ ಒಬ್ಬ ಎಂಜಿನಿಯರ್, ಒಬ್ಬ ವಕೀಲರು. ಡೀಲರ್ ಕಡೆಯಿಂದ ವರ್ಕ್‌ಶಾಪ್ ಮ್ಯಾನೇಜರ್. ನಾವಿಬ್ಬರು, ನಮ್ಮ ವಕೀಲರು. ಪ್ರಾಧ್ಯಾಪಕರು ನಮಸ್ಕಾರಕ್ಕಿಂತ ಹೆಚ್ಚು ಮಾತಾಡದೆ ಕೆಲಸ ಶುರು ಮಾಡಿದರು. ಬಾನೆಟ್ ಎತ್ತಿಸಿ, ಚಾಸಿ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆ ಕಾಗದದ ಅಂಚಿಗೆ ಎಲ್ಲರ ಸಹಿ. ಕಿಲೋಮೀಟರ್, ಟೈರಿನ ಗಾಳಿ, ಬ್ರೇಕ್, ಎಣ್ಣೆಯ ಮಟ್ಟ, ಒಳಗೆ ಕೂರುವವರ ಅಂದಾಜು ತೂಕ, ಎಲ್ಲವೂ ಅವರ ಉದ್ದನೆಯ ಪುಸ್ತಕಕ್ಕೆ ಇಳಿದವು. ಆಮೇಲೆ ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ತಮ್ಮ ಸ್ಕ್ಯಾನರ್ ಸಿಕ್ಕಿಸಿ, ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ದೋಷಗಳ ಸಂಕೇತಗಳನ್ನು ಓದಿ ಬರೆದುಕೊಂಡರು. ಕಂಪನಿಯ ಎಂಜಿನಿಯರ್ ತಮ್ಮ ಲ್ಯಾಪ್‌ಟಾಪ್ ತೆರೆದು, “ಸರ್, ಹಳೆಯದನ್ನೆಲ್ಲ ಕ್ಲಿಯರ್ ಮಾಡಿ ಹೊಸದಾಗಿ ಶುರು ಮಾಡೋಣ, ರೀಡಿಂಗ್ ಸರಿಯಾಗಿ ಬರುತ್ತೆ” ಎಂದರು. ಪ್ರಾಧ್ಯಾಪಕರು ಕನ್ನಡಕದ ಮೇಲಿಂದ ನೋಡಿ, “ರೋಗಿಯ ಹಳೆಯ ಚೀಟಿ ಹರಿದು ಹಾಕಿ ಪರೀಕ್ಷೆ ಮಾಡುವ ಪದ್ಧತಿ ನನಗಿಲ್ಲ” ಎಂದರು. ಸರ್ವೀಸಿಗೆ ಹೋದಾಗಲೆಲ್ಲ ಆ ಸಂಕೇತಗಳನ್ನು ಅಳಿಸಿಯೇ ಕಳುಹಿಸುತ್ತಿದ್ದರು ಎಂಬುದು ನಮಗೆ ಆ ಹೊತ್ತಿನಲ್ಲಿ ಖಾತ್ರಿಯಾಯಿತು, ಏಕೆಂದರೆ ಉಳಿದಿದ್ದವೆಲ್ಲ ಕೊನೆಯ ಭೇಟಿಯ ನಂತರದವು.

ಗಾಡಿ ಯಾರು ಓಡಿಸಬೇಕೆಂಬ ಪ್ರಶ್ನೆ ಬಂತು. ನಾನು ಕೀ ಹಿಡಿದು ನಿಂತಿದ್ದೆ. ಪ್ರಾಧ್ಯಾಪಕರು ಅದನ್ನು ತೆಗೆದುಕೊಂಡು ಕಂಪನಿಯ ಎಂಜಿನಿಯರ್ ಕೈಗೆ ಕೊಟ್ಟರು. “ದೂರುದಾರರಿಗೆ ಓಡಿಸಲು ಬರುವುದಿಲ್ಲ ಎಂದು ನೀವು ಬರೆದಿದ್ದೀರಿ. ನೀವೇ ಓಡಿಸಿ, ನಿಮ್ಮ ಪುಸ್ತಕದಲ್ಲಿ ಹೇಗೆ ಹೇಳಿದೆಯೋ ಹಾಗೆ.” ಇಡೀ ವ್ಯಾಜ್ಯದಲ್ಲಿ ನಾನು ಕಂಡ ಅತ್ಯಂತ ಜಾಣ ನಡೆ ಅದು. ಓಡಿಸುವ ರೀತಿಯ ವಾದ ಅಲ್ಲಿಗೇ ಬಿದ್ದುಹೋಗುವಂತಿತ್ತು. ಆದರೆ ದೋಷ ಕಾಣಿಸಿಕೊಳ್ಳದಿದ್ದರೆ ಬೀಳುವುದು ನಮ್ಮ ದೂರು.

ಮೊದಲ ಸಲ ಕಾಣಿಸಿಕೊಳ್ಳಲಿಲ್ಲ. ಬೆಳಗಿನ ತಂಪು, ಖಾಲಿ ರಸ್ತೆ. ಎಂಜಿನಿಯರ್ ನಿಧಾನವೂ ಅಲ್ಲದೆ ವೇಗವೂ ಅಲ್ಲದೆ ಒಂದೇ ಹದದಲ್ಲಿ ಹತ್ತಿಸಿ ಸೂರ್ಯಾಸ್ತ ವೀಕ್ಷಣೆಯ ತಾಣದ ಬಳಿ ನಿಲ್ಲಿಸಿದರು. ಹಿಂದಿನ ಕಾರಿನಲ್ಲಿ ಬಂದ ನಮಗೆ ಅವರ ವಕೀಲರ ಮುಖದಲ್ಲಿ ನಗು ಕಂಡಿತು. ನನ್ನ ಯಜಮಾನರು ಏನೂ ಮಾತಾಡಲಿಲ್ಲ. ಪ್ರಾಧ್ಯಾಪಕರು ಸ್ಕ್ಯಾನರಿನಲ್ಲಿ ಕ್ಲಚ್ಚಿನ ಉಷ್ಣತೆ ನೋಡಿ ಬರೆದುಕೊಂಡು, “ಇಳಿಯೋಣ, ಹನ್ನೊಂದರ ಮೇಲೆ ಮತ್ತೆ ಹತ್ತೋಣ. ಜನ ಈ ರಸ್ತೆಯಲ್ಲಿ ಬೆಳಗ್ಗೆ ಏಳಕ್ಕೆ ಮಾತ್ರ ಹೋಗುವುದಿಲ್ಲವಲ್ಲ” ಎಂದರು.

ಎರಡನೆಯ ಸಲ ರಸ್ತೆ ಎಂದಿನಂತಿತ್ತು. ಮುಂದೆ ಮಿನಿ ಬಸ್ಸು, ಅದರ ಮುಂದೆ ಶಿವಮೊಗ್ಗ ಕಡೆಯ ಪ್ರವಾಸಿ ವ್ಯಾನು, ತಿರುವಿನಲ್ಲಿ ಎದುರಿನಿಂದ ಬಂದವರಿಗೆ ದಾರಿ ಬಿಡಲು ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ಅರ್ಧ ದಾರಿ ಮುಗಿದ ಮೇಲೆ ಒಂದು ತಿರುವಿನಲ್ಲಿ ನಮ್ಮ ಬೆಳ್ಳಿ ಬಣ್ಣದ ಕಾರಿನ ಬ್ರೇಕ್ ದೀಪ ಹತ್ತಿದ್ದು ಆರಲೇ ಇಲ್ಲ. ಎಂಜಿನ್ನಿನ ಸದ್ದು ಏರಿ ಇಳಿಯಿತು. ಆಮೇಲೆ ನಾಲ್ಕೂ ಇಂಡಿಕೇಟರ್ ಮಿನುಗತೊಡಗಿದವು. ನಾವು ಓಡಿಹೋಗಿ ನೋಡುವಾಗ ಎಂಜಿನಿಯರ್ ಎರಡೂ ಕೈಯನ್ನು ಸ್ಟಿಯರಿಂಗ್ ಮೇಲಿಟ್ಟು ಕೂತಿದ್ದರು. ಪ್ರಾಧ್ಯಾಪಕರು ಎಡಗೈಯಲ್ಲಿ ಸ್ಕ್ಯಾನರ್ ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದರು. ಪರದೆಯ ಮೇಲೆ ಅದೇ ಕೆಂಪು ಅಕ್ಷರಗಳು. ತಡೆಗೋಡೆಯ ಮೇಲಿನ ಮಂಗಗಳು ತಿಂಡಿ ಬರಬಹುದೆಂದು ಹತ್ತಿರ ಸರಿದವು. ಡೀಲರ್ ಕಡೆಯ ಮ್ಯಾನೇಜರ್ ಮಾತ್ರ ಮೆಲ್ಲಗೆ, “ಇದು ನಮಗೆ ಗೊತ್ತಿದ್ದದ್ದೇ ಮೇಡಂ” ಎಂದರು. ಅವರ ಮಾತು ದಾಖಲೆಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಅಲ್ಲೇ ರಸ್ತೆಯ ಪಕ್ಕ, ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು, ನಡೆದದ್ದನ್ನು ಸಮಯ ಸಹಿತ ಬರೆದು ಪ್ರಾಧ್ಯಾಪಕರು ಎಲ್ಲರಿಗೂ ಓದಿ ಹೇಳಿ ಸಹಿ ಹಾಕಿಸಿಕೊಂಡರು. ಕಂಪನಿಯ ವಕೀಲರು “ಆಕ್ಷೇಪಣೆಯೊಂದಿಗೆ” ಎಂದು ಬರೆದು ಸಹಿ ಮಾಡಿದಾಗ ನನಗೆ ನಗು ತಡೆಯುವುದು ಕಷ್ಟವಾಯಿತು.

ವರದಿಯಲ್ಲಿ ಆಡಂಬರವೇನೂ ಇರಲಿಲ್ಲ. ಸಾಮಾನ್ಯ ಏರುದಾರಿಯ ಸಂಚಾರದಲ್ಲಿ, ತಯಾರಕರ ಪ್ರತಿನಿಧಿಯೇ ಚಾಲಕರಾಗಿದ್ದಾಗ, ಕ್ಲಚ್ ಅತಿಯಾಗಿ ಬಿಸಿಯಾಗಿ ಎಳೆತ ಕಡಿದುಹೋಯಿತು. ಕ್ಲಚ್ ಸೆಟ್ ಬದಲಿಸಿದ ನಂತರವೂ, ಸಾಫ್ಟ್‌ವೇರ್ ಬದಲಿಸಿದ ನಂತರವೂ ಇದು ಮುಂದುವರಿದಿರುವುದರಿಂದ ದೋಷ ಬದಲಿಸಬಹುದಾದ ಒಂದು ಭಾಗಕ್ಕೆ ಸೀಮಿತವಲ್ಲ, ಈ ಜೋಡಣೆಯಲ್ಲೇ ಇದೆ ಎಂಬುದು ಅದರ ಸಾರ. ಕಂಪನಿ ಲಿಖಿತ ಪ್ರಶ್ನಾವಳಿ ಕಳುಹಿಸಿತು. ಮೊದಲ ಸಲ ಯಾಕೆ ಆಗಲಿಲ್ಲ ಎಂಬುದೇ ಅದರ ಮುಖ್ಯ ಪ್ರಶ್ನೆ. ಎರಡೂ ಸಲದ ಉಷ್ಣತೆಯ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ರಾಧ್ಯಾಪಕರು ಉತ್ತರಿಸಿದರು. 2006ರ ತೀರ್ಪಿಗೆ ನಮ್ಮ ವಕೀಲರ ಉತ್ತರವೂ ಈ ವರದಿಯಿಂದಲೇ ಹೊರಟಿತು: ಭಾಗ ಬದಲಿಸಿದರೆ ಸಾಕು ಎಂಬ ಮಾತು ನಿಲ್ಲಬೇಕಾದರೆ ಭಾಗ ಬದಲಿಸಿದ ಮೇಲೆ ದೋಷ ಹೋಗಿರಬೇಕು. ಜೊತೆಗೆ, ಮಾರಾಟಗಾರ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ಕಡಿಮೆಯಾದರೂ ಅದು ದೋಷವೇ ಎಂದು ಕಾಯ್ದೆ ಹೇಳುತ್ತದಾದ್ದರಿಂದ, ಇದೇ ಕಾರು ಬೆಟ್ಟದ ರಸ್ತೆ ಹತ್ತುತ್ತಿರುವ ಚಿತ್ರವಿದ್ದ ಶೋರೂಮಿನ ಕರಪತ್ರವನ್ನೂ ಹಾಜರುಪಡಿಸಿದ್ದೆವು.

ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮದು ಅದಕ್ಕಿಂತ ಬಹಳ ತಡವಾಯಿತು. ಅಷ್ಟೂ ಕಾಲ ಬ್ಯಾಂಕಿನ ಕಂತನ್ನು ತಪ್ಪಿಸಲಿಲ್ಲ. ಗಾಡಿ ಕೆಟ್ಟಿದೆಯೆಂದು ಕಂತು ನಿಲ್ಲಿಸುವವರಿದ್ದಾರೆ. ಬ್ಯಾಂಕಿಗೂ ಗೇರ್‌ಬಾಕ್ಸಿಗೂ ಸಂಬಂಧವಿಲ್ಲ, ಹಾಳಾಗುವುದು ನಮ್ಮ ಸಿಬಿಲ್ ಅಂಕವೇ.

ಆದೇಶ ನಮ್ಮ ಪರವಾಗಿ ಬಂತು: ಗಾಡಿ ಹಿಂಪಡೆದು ಬೆಲೆಯನ್ನು ಬಡ್ಡಿ ಸಮೇತ ಮರಳಿಸಬೇಕು, ಮಾನಸಿಕ ಯಾತನೆಗೆ ಪರಿಹಾರ ಮತ್ತು ವ್ಯಾಜ್ಯದ ಖರ್ಚು ಬೇರೆ. ಹೊಸ ಕಾರು ಬೇಡ, ಹಣ ಬೇಕೆಂದು ನಾವೇ ಕೇಳಿದ್ದೆವು; ಅದೇ ಗೇರ್‌ಬಾಕ್ಸಿನ ಇನ್ನೊಂದು ಕಾರು ತೆಗೆದುಕೊಂಡು ಮಾಡುವುದೇನು? ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ಕಂಪನಿ ಬೆಲೆ ಎನ್ನುವುದು ಎಕ್ಸ್-ಶೋರೂಮ್ ಬೆಲೆಯನ್ನು. ಕರ್ನಾಟಕದಲ್ಲಿ ನಮ್ಮ ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇಕಡ 17, ಅದರ ಮೇಲೆ ಸೆಸ್. ಹದಿನಾಲ್ಕು ಲಕ್ಷದ ಮೇಲೆ ಅದು ಎರಡೂವರೆ ಲಕ್ಷ ದಾಟುತ್ತದೆ. ಗಾಡಿ ಹಿಂದಿರುಗಿಸಿದವರಿಗೆ ಆ ತೆರಿಗೆ ಉಪಯೋಗಕ್ಕೆ ಬಾರದು, ಕಂಪನಿ ಅದನ್ನು ತಾನು ಪಡೆದಿಲ್ಲವೆನ್ನುತ್ತದೆ. ನಮ್ಮ ವಕೀಲರು ದೂರಿನ ಕೋರಿಕೆಯಲ್ಲೇ ತೆರಿಗೆ, ನೋಂದಣಿ ಮತ್ತು ಮೊದಲ ವರ್ಷದ ವಿಮೆಯನ್ನು ರಸೀದಿಗಳ ಸಮೇತ ಪ್ರತ್ಯೇಕವಾಗಿ ಕೇಳಿದ್ದರು. ಆಯೋಗ ತೆರಿಗೆಯನ್ನೂ ನೋಂದಣಿ ಶುಲ್ಕವನ್ನೂ ಸೇರಿಸಿತು, ವಿಮೆಯನ್ನು ಕೈಬಿಟ್ಟಿತು. ವಿಮೆಯ ರಕ್ಷಣೆಯನ್ನು ನಾವು ಆ ವರ್ಷವಿಡೀ ಪಡೆದಿದ್ದೇವೆ ಎಂಬ ಅದರ ಕಾರಣ ನ್ಯಾಯವಾದದ್ದೇ.

ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಿದೆ. ಹಾಗೆ ಹೋಗಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕೆಂದು 41ನೇ ಸೆಕ್ಷನ್ ಹೇಳುವುದರಿಂದ ಆ ಹಣವನ್ನು ಕಟ್ಟಿದ್ದಾರೆ. ಮೇಲ್ಮನವಿಯಲ್ಲಿ ಓಡಿಸುವ ರೀತಿಯ ಮಾತು ಎಲ್ಲಿಯೂ ಇಲ್ಲ. ಅವರ ಈಗಿನ ತಕರಾರು ಬಹುಮಟ್ಟಿಗೆ ತೆರಿಗೆಯ ಮೊತ್ತ ಮತ್ತು ಗಾಡಿ ಓಡಿದ ಕಿಲೋಮೀಟರಿಗೆ ಸವಕಳಿ ಕಳೆಯಬೇಕೆಂಬುದರ ಮೇಲೆ. ರಾಜಿಗೆ ಬರುವಿರಾ ಎಂದು ಅವರ ವಕೀಲರು ಎರಡು ಸಲ ಫೋನ್ ಮಾಡಿದ್ದಾರೆ. ಸವಕಳಿಯ ಬಗ್ಗೆ ಮಾತಾಡಬಹುದು, ತೆರಿಗೆಯ ಬಗ್ಗೆ ಇಲ್ಲ ಎಂದು ನಾವು ತಿಳಿಸಿದ್ದೇವೆ.